ಶಾಸನ ಛಾಯಾಚಿತ್ರಗಳಿಗೆ ಸೂಚಿಪದಗಳು

ಶಾಸನಗಳ ಡಿಜಿಟಲ್ ಛಾಯಾಚಿತ್ರ ತೆಗೆಯುವುದು ಸುಲಭವಾದಷ್ಟೂ ಬೇಕಾದ ಚಿತ್ರವನ್ನು ಹುಡುಕಿ ಪಡೆಯುವುದು ಕಷ್ಟವಾಗಿದೆ. ಒಂದೇ ಸಂಗ್ರಹದಲ್ಲಿ ‘ವೀರಗಲ್ಲು’, ‘ವೀರಗಲ್’, ‘ಹೀರೋ ಸ್ಟೋನ್’ ಎಂಬ ಸೂಚಿಪದಗಳು ಬೆರೆತಿದ್ದರೆ, ಒಂದನ್ನು ಹುಡುಕಿದವರಿಗೆ ಉಳಿದವು ದೊರೆಯುವುದಿಲ್ಲ. ಯೂನಿಕೋಡ್‌ಪೂರ್ವ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿದ ಪದಗಳಂತೂ ಇಂದಿನ ಹುಡುಕಾಟಕ್ಕೆ ನಿಲುಕುವುದೇ ಇಲ್ಲ.

ಸ್ಥಳನಾಮದ ತೊಡಕು ಇನ್ನೂ ದೊಡ್ಡದು. 1997ರಲ್ಲಿ ಗದಗವು ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಹಳೆಯ ಪ್ರಕಟಣೆಗಳನ್ನು ಅನುಸರಿಸುವವರು ಲಕ್ಕುಂಡಿಯ ಶಾಸನವನ್ನು ಧಾರವಾಡದಡಿಯಲ್ಲಿಯೂ ಇತರರು ಗದಗದಡಿಯಲ್ಲಿಯೂ ಸೇರಿಸುವುದು ಸಹಜ. ಎರಡನ್ನೂ ನಮೂದಿಸುವುದೇ ಸರಿಯಾದ ಕ್ರಮ. ಜಿಲ್ಲೆ ಹಾಗಿರಲಿ, ಕಲ್ಲೂ ಒಮ್ಮೊಮ್ಮೆ ವಸ್ತುಸಂಗ್ರಹಾಲಯಕ್ಕೆ ಸಾಗುತ್ತದೆ; ಆದುದರಿಂದ ದೊರೆತ ಸ್ಥಳಕ್ಕೂ ಈಗಿರುವ ಸ್ಥಳಕ್ಕೂ ಬೇರೆಬೇರೆ ಅಂಕಣಗಳಿರಬೇಕು.

ಈ ವಿವರಗಳನ್ನು ಚಿತ್ರದ ಕಡತದೊಳಗೇ ಬರೆದಿಡುವುದು ಕ್ಷೇಮಕರ. ತಂತ್ರಾಂಶಗಳ ಆಯುಷ್ಯ ಅಲ್ಪ. ಬಹುಜನಪ್ರಿಯವಾಗಿದ್ದ ಪಿಕಾಸಾವನ್ನು ಗೂಗಲ್ 2016ರಲ್ಲಿ ಕೈಬಿಟ್ಟಿತು. ತಂತ್ರಾಂಶದ ದತ್ತಸಂಚಯದಲ್ಲಿ ಮಾತ್ರ ಉಳಿದ ವಿವರ ಅದರೊಡನೆಯೇ ಅಳಿಯಬಹುದು. ಮೂಲಶಿಲೆಯೂ ಸವೆದಿದ್ದರೆ, ಊರಿನ ಹೆಸರಿಲ್ಲದ ಚಿತ್ರದಿಂದ ಸಂಶೋಧಕನಿಗೆ ದೊರೆಯುವುದು ಅತ್ಯಲ್ಪ.

ಆದರೂ ಸೂಚಿಪದ ನೀಡುವ ಕಾರ್ಯವನ್ನು ಕಂಪ್ಯೂಟರ್ ಸಹಾಯಕರಿಗೆ ಒಪ್ಪಿಸಿ ಸುಮ್ಮನಾಗುವ ಪ್ರವೃತ್ತಿ ಕಂಡುಬರುತ್ತದೆ. ಮೇಲೆತ್ತಿದ ಕೈಯನ್ನು ಕಂಡು ಮಾಸ್ತಿಕಲ್ಲನ್ನು ವೀರಗಲ್ಲಿನಿಂದ ಬೇರ್ಪಡಿಸಬಲ್ಲವರು ಶಾಸನಾಭ್ಯಾಸಿಗಳೇ. ಸಮಾನ ಪದಪಟ್ಟಿಯೊಂದನ್ನು ಕನ್ನಡ ವಿಭಾಗಗಳು ಒಟ್ಟಾಗಿ ಸಿದ್ಧಪಡಿಸಬೇಕಾಗಿದೆ, ಅದೂ ಮುಂದಿನ ಕ್ಷೇತ್ರಕಾರ್ಯಕ್ಕೆ ಮುನ್ನ.