ಕಚೇರಿಯ ಸೊತ್ತಿಗೆ ಕಾವಲು

ಹನೂರು ತಾಲ್ಲೂಕಿನ ಒಡೆಯರಪಾಳ್ಯದಂತಹ ಕಾಡಂಚಿನ ಊರುಗಳ ಕಚೇರಿಗಳಲ್ಲಿ ಕತ್ತಲಾದ ಮೇಲೆ ಪ್ರಜೆಗಳ ದಾಖಲೆಯನ್ನು ಕಾಯುವವರು ಯಾರೆಂಬುದನ್ನು ನಾವು ಕೇಳಬೇಕಾಗಿದೆ.

ಈ ಸೀಮೆಯು 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಆಗ ಗ್ರಾಮದ ಲೆಕ್ಕಪತ್ರಗಳು ಕರಣೀಕರ ವಶದಲ್ಲಿದ್ದವು. ಆ ಕಡತದ ಗಂಟನ್ನು ಸಂತೆಯಲ್ಲಿ ಕೊಳ್ಳುವವರಿರಲಿಲ್ಲ. ಇಂದಿನ ಕಂಪ್ಯೂಟರಾಗಲಿ ಬ್ಯಾಟರಿಯಾಗಲಿ ಹಾಗಲ್ಲ. ಕಳ್ಳನು ಯಂತ್ರಕ್ಕೆ ಆಶಿಸುತ್ತಾನೆ. ಅದರೊಡನೆ ರೈತನ ಅರ್ಜಿಯೂ ವಿಧವೆಯ ಪಿಂಚಣಿಯ ಕಾಗದವೂ ಹೋಗುತ್ತವೆ.

ಖಜಾನೆಯ ಭದ್ರ ಕೊಠಡಿಯ ಬೀಗದ ಕೈಗಳು ಇಬ್ಬರಲ್ಲಿರುವ ಪದ್ಧತಿ ಹಳೆಯದು. ರೂಪಾಯಿಗೆ ಸಲ್ಲುವ ಎಚ್ಚರಿಕೆಯು ದಾಖಲೆಗೇಕೆ ಸಲ್ಲಬಾರದು?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 305ನೆಯ ಕಲಮಿನಂತೆ ಸರ್ಕಾರದ ಸೊತ್ತನ್ನು ಕದ್ದವನಿಗೆ 7 ವರ್ಷಗಳವರೆಗೆ ಸಜೆಯುಂಟು. ಆದರೆ ಅದು ಕಳ್ಳನು ಸಿಕ್ಕಿದ ಮೇಲಿನ ಮಾತು. ವಸ್ತುವಿನ ಗುರುತೇ ಇಲ್ಲದಿದ್ದರೆ ಪೊಲೀಸಿನವರು ಹುಡುಕುವುದೇನನ್ನು?

ಪ್ರತಿ ಯಂತ್ರದ ಕ್ರಮಸಂಖ್ಯೆಯನ್ನು ದಾಸ್ತಾನು ಪುಸ್ತಕದಲ್ಲಿ ಬರೆಯಿಸಬೇಕು. ಬೀಗದ ಕೈಗೆ ಹೊಣೆಗಾರನನ್ನು ಗೊತ್ತುಮಾಡಬೇಕು. ದಾಖಲೆಯ ಪ್ರತಿಯೊಂದನ್ನು ಬೇರೊಂದು ಸ್ಥಳದಲ್ಲಿಡಬೇಕು. ಇದಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ, ಶ್ರದ್ಧೆ. ಸರ್ಕಾರದ ಸೊತ್ತೆಂದರೆ ಯಾರದೂ ಅಲ್ಲವೆಂಬ ಭಾವನೆಯನ್ನು ಅಧಿಕಾರಿಗಳೂ ಮಹಾಜನರೂ ಬಿಡಬೇಕು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕುವುದರಿಂದ ಫಲವಿಲ್ಲ.