ಸುಣ್ಣವೊಂದೇ ಸಾಲದು

ಎಲುಬು, ಹಲ್ಲುಗಳು ಗಟ್ಟಿಯಾಗಿರಬೇಕಾದರೆ ಸುಣ್ಣಾಂಶವುಳ್ಳ ಆಹಾರವನ್ನು ಸೇವಿಸಬೇಕೆಂಬ ಪಾಠವನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಪಾಠವು ಸುಳ್ಳಲ್ಲ, ಆದರೆ ಅರ್ಧದಲ್ಲಿಯೇ ನಿಂತುಹೋಗಿದೆ. ಮಿಕ್ಕ ಅರ್ಧವನ್ನು ಅರಿಯದ ಕಾರಣದಿಂದಲೇ, ವಯಸ್ಸಾದಂತೆ ಹಲ್ಲು ಅಲುಗಾಡಿ ಬೀಳುವುದು ಪ್ರಕೃತಿನಿಯಮವೆಂಬ ತಪ್ಪು ನಂಬಿಕೆ ಬೇರೂರಿದೆಯೆಂದು ನಾವು ಭಾವಿಸುತ್ತೇವೆ.

ಕೋಳಿಯ ಎಲುಬೊಂದನ್ನು ಕೆಲವು ದಿನ ವಿನಿಗರಿನಲ್ಲಿ ನೆನೆಯಿಟ್ಟರೆ ಅದರ ಸುಣ್ಣಾಂಶ ಕರಗಿ, ಉಳಿದುದು ರಬ್ಬರಿನಂತೆ ಬಾಗುತ್ತದೆ. ಇನ್ನೊಂದನ್ನು ಬೆಂಕಿಯಲ್ಲಿ ಚೆನ್ನಾಗಿ ಸುಟ್ಟರೆ ಆಕಾರವೇನೋ ಉಳಿಯುತ್ತದೆ. ಆದರೆ ಒತ್ತಿದೊಡನೆ ಪುಡಿಯಾಗುತ್ತದೆ. ಬೆಂಕಿಯಲ್ಲಿ ನಾಶವಾದುದು ಕೊಲಾಜೆನ್ ಎಂಬ ಸಸಾರಜನಕದ ನಾರು. ಮೂರು ಎಳೆಗಳನ್ನು ಹೊಸೆದ ಹಗ್ಗದಂತಿರುವ ಇದರ ರಚನೆಯನ್ನು 1954–55ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು ಸೂಚಿಸಿದರು. ಎಲುಬಿನ ತೂಕದ ಸುಮಾರು ಮೂರನೆಯ ಎರಡು ಪಾಲು ಖನಿಜವೇ ಆದರೂ, ಆ ಹರಳುಗಳು ನೆಲೆಸುವುದು ಈ ನಾರನ್ನು ಆಶ್ರಯಿಸಿಯೇ. ಗಡಸುತನ ಖನಿಜದ್ದು; ಮುರಿಯದೆ ತಾಳಿಕೊಳ್ಳುವ ಗುಣ ನಾರಿನದು.

ಹಲ್ಲಿನ ವಿಷಯದಲ್ಲಿ ನಾರಿನ ಮಹತ್ತ್ವ ಇನ್ನೂ ಹೆಚ್ಚು. ಹಲ್ಲು ದವಡೆಯ ಎಲುಬಿಗೆ ಅಂಟಿಕೊಂಡಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ತೆರಪಿದ್ದು, ಅಲ್ಲಿ ಕೊಲಾಜೆನ್ ನಾರುಗಳೇ ಹಲ್ಲನ್ನು ಹಿಡಿದಿಟ್ಟಿವೆ. ನಾರಿನ ಎರಡು ತುದಿಗಳೂ ಖನಿಜದಲ್ಲಿ ಹುದುಗಿರುತ್ತವೆ. ನಡುಭಾಗ ಮಾತ್ರ ಮೃದುವಾಗಿಯೇ ಉಳಿಯಬೇಕು. ಹಲ್ಲಿನ ಬುಡದಲ್ಲಿ ಕೊಳೆ ಶೇಖರವಾಗಿ ವಸಡು ಊದಿಕೊಂಡು ಬಹುಕಾಲ ಹಾಗೆಯೇ ಉಳಿದರೆ, ನಮ್ಮ ದೇಹದ ಜೀವಕೋಶಗಳೇ ಸ್ರವಿಸುವ ಕಿಣ್ವಗಳು ಈ ನಾರನ್ನು ಕತ್ತರಿಸತೊಡಗುತ್ತವೆ. ಎಲುಬನ್ನು ಕರಗಿಸುವ ಜೀವಕೋಶಗಳು ಹಲ್ಲಿನ ಗೂಡಿನ ಅಂಚನ್ನು ಸವೆಸುತ್ತವೆ. ಇಂತಹ ಕಿಣ್ವವನ್ನು 1962ರಲ್ಲಿ ಗ್ರಾಸ್ ಮತ್ತು ಲಾಪಿಯೇರ್ ಎಂಬ ವಿಜ್ಞಾನಿಗಳು ಗೊದಮೊಟ್ಟೆಯ ಬಾಲದಲ್ಲಿ ಕಂಡುಹಿಡಿದರು. ಗೊದಮೊಟ್ಟೆಯು ಕಪ್ಪೆಯಾಗುವಾಗ ಬಾಲವನ್ನು ಕರಗಿಸುವ ಉಪಾಯವೇ ನಮ್ಮ ಬಾಯಲ್ಲಿ ಮಿತಿಮೀರಿದಾಗ ಹಲ್ಲಿಗೆ ಮುಳುವಾಗುತ್ತದೆ. ಆಗ ಸುಣ್ಣದ ಗುಳಿಗೆಗಳಿಂದ ಮಾತ್ರ ಹಲ್ಲು ಉಳಿಯಲಾರದು.

ಹಿಂದೆ ದೀರ್ಘಯಾನದ ನಾವಿಕರನ್ನು ಕಾಡಿದ ಸ್ಕರ್ವಿ ರೋಗವೂ ಇದನ್ನೇ ಸಾರುತ್ತದೆ. ‘ಸಿ’ ಜೀವಸತ್ತ್ವವಿಲ್ಲದೆ ದೇಹವು ದೃಢವಾದ ಕೊಲಾಜೆನ್ನನ್ನು ಕಟ್ಟಲಾರದು. ಆದುದರಿಂದಲೇ ಅವರ ಹಲ್ಲುಗಳು ಸಡಿಲಗೊಂಡವು.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲಿಯೇ ಇದೆ. 1965ರಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ 12 ಮಂದಿ ಆರೋಗ್ಯವಂತರು ಹಲ್ಲುಜ್ಜುವುದನ್ನು ನಿಲ್ಲಿಸಿದರು. ಮೂರು ವಾರಗಳೊಳಗೆ ಎಲ್ಲರ ವಸಡುಗಳೂ ಊದಿಕೊಂಡವು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಗುಣವಾದವು. ಆದರೆ ರೋಗ ಆಳಕ್ಕಿಳಿದು ಎಲುಬು ಕರಗಿದ ಮೇಲೆ, ಹೋದುದು ತಾನಾಗಿ ಮರಳುವುದು ಅಪರೂಪ.

ವಸಡಿನಲ್ಲಿ ರಕ್ತ ಕಂಡಾಗ ಉಜ್ಜುವುದನ್ನೇ ಬಿಡುವವರುಂಟು. ಅದು ತಕ್ಕುದಲ್ಲ, ಮೃದುವಾಗಿ ಉಜ್ಜಿ, ರಕ್ತ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಬೇಕು. ವಿನಿಗರು, ಬೆಂಕಿಗಳ ಆ ಎರಡು ಪ್ರಯೋಗಗಳನ್ನು ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಉಪಾಧ್ಯಾಯರು ಮಾಡಿ ತೋರಿಸಲಿ. ಸುಣ್ಣದ ಜೊತೆಗೆ ನಾರಿನ ಪಾಠವೂ ನಡೆಯಲೆಂಬುದು ನಮ್ಮ ಆಶಯ.