ತಂತ್ರಾಂಶ ಪರೀಕ್ಷೆಯಲ್ಲಿ ಕ್ರಮದ ಅವಶ್ಯಕತೆ

ಗಣಕಯಂತ್ರದ ತಂತ್ರಾಂಶವನ್ನು ಪರೀಕ್ಷಿಸುವ ಕಾರ್ಯವನ್ನೂ ಇಂದು ಗಣಕಕ್ಕೇ ಒಪ್ಪಿಸಲಾಗಿದೆ. ತಂತ್ರಾಂಶವನ್ನು ರಚಿಸುವವರು ಅದರೊಡನೆ ನೂರಾರು, ಕೆಲವೊಮ್ಮೆ ಸಾವಿರಾರು ಸಣ್ಣ ಪರೀಕ್ಷೆಗಳನ್ನೂ ಬರೆದಿಡುತ್ತಾರೆ. ಪ್ರತಿಯೊಂದು ಬದಲಾವಣೆಯ ತರುವಾಯ ಯಂತ್ರವು ಅವನ್ನು ತಾನೇ ನಡೆಸಿ ಫಲವನ್ನು ತಿಳಿಸುತ್ತದೆ. ಪರೀಕ್ಷೆಗಳ ಸಂಖ್ಯೆಯನ್ನು ಹೇಳಿಕೊಂಡು ಹೆಮ್ಮೆಪಡುವವರು ಹಲವರು. ಸಂಖ್ಯೆಗಿಂತಲೂ ಅವುಗಳನ್ನು ಅಣಿಗೊಳಿಸಿದ ಕ್ರಮವೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ.

ಪರೀಕ್ಷೆಗೆ ಎರಡು ಅಂಗಗಳುಂಟು. ಏನನ್ನು ಪರೀಕ್ಷಿಸಬೇಕೆಂಬುದು ಒಂದು. ಯಾವ ಸನ್ನಿವೇಶದಲ್ಲಿ ಪರೀಕ್ಷಿಸಬೇಕೆಂಬುದು ಇನ್ನೊಂದು. ಎರಡನೆಯದನ್ನು ಅಲಕ್ಷಿಸಿದರೆ ಏನಾದೀತೆಂಬುದನ್ನು ೧೯೯೬ರ ಜೂನ್ ೪ರಂದು ಲೋಕವು ಕಂಡಿತು. ಅಂದು ಫ್ರೆಂಚ್ ಗಯಾನದ ಕೂರೂವಿನಿಂದ ಮೇಲೆದ್ದ ಯೂರೋಪಿನ ಏರಿಯಾನ್ ೫ ರಾಕೆಟ್ಟು ಒಂದು ನಿಮಿಷ ತುಂಬುವ ಮೊದಲೇ ಛಿದ್ರವಾಯಿತು. ಅದರೊಡನೆ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ನಾಶವಾದುವು. ಅದರ ದಿಕ್ಸೂಚಕ ವ್ಯವಸ್ಥೆಯ ತಂತ್ರಾಂಶವು ಏರಿಯಾನ್ ೪ರಿಂದ ಬಂದುದು. ಅಲ್ಲಿ ಯಶಸ್ವಿಯಾಗಿ ನಡೆದಿದ್ದುದೇ. ಆದರೆ ಹೊಸ ರಾಕೆಟ್ಟಿನ ಪಥವು ಬೇರೆ. ೬೪ ಬಿಟ್ಟುಗಳ ಒಂದು ಸಂಖ್ಯೆಯು ೧೬ ಬಿಟ್ಟುಗಳ ಸ್ಥಳದಲ್ಲಿ ಹಿಡಿಸದೆ ಹೋಯಿತು. ಏರಿಯಾನ್ ೫ರ ಪಥವನ್ನು ಒಡ್ಡಿ ಆ ವ್ಯವಸ್ಥೆಯನ್ನು ಪರೀಕ್ಷಿಸಿಯೇ ಇರಲಿಲ್ಲವೆಂದು ವಿಚಾರಣಾ ಮಂಡಲಿಯು ಕಂಡುಕೊಂಡಿತು.

ಆದುದರಿಂದ ಸನ್ನಿವೇಶವನ್ನು ಪರೀಕ್ಷಕನ ನೆನಪಿಗೆ ಬಿಡದೆ, ಎಲ್ಲರಿಗೂ ಕಾಣುವ ಕಡತದಲ್ಲಿ ಬರೆದಿಡತಕ್ಕದ್ದು. ಈ ಸಂರಚನಾ ಕಡತವು ಯಾವ ದತ್ತಾಂಶ, ಯಾವ ಮಿತಿ, ಯಾವ ಆವೃತ್ತಿ ಎಂಬುದನ್ನು ಹೇಳುತ್ತದೆ. ಕಡತಗಳಿರುವ ಕೋಶ, ಅಂದರೆ ಡೈರೆಕ್ಟರಿ, ಪರೀಕ್ಷೆಯ ಜಾತಿಯನ್ನು ಹೇಳುತ್ತದೆ. ಈ ವಿಂಗಡಣೆ ಹೊಸತಲ್ಲ. ೧೯೮೭ರಲ್ಲಿ ಲ್ಯಾರಿ ವಾಲ್ ಅವರು ಪ್ರಕಟಿಸಿದ ಪರ್ಲ್ ಭಾಷೆಯ ಮೊದಲ ಆವೃತ್ತಿಯಲ್ಲಿಯೇ ಪರೀಕ್ಷೆಗಳಿಗೆಂದು 'ಟಿ' ಎಂಬ ಪ್ರತ್ಯೇಕ ಕೋಶವಿತ್ತು. ಪೈಥಾನ್ ಭಾಷೆಯ ಪೈಟೆಸ್ಟ್ ಎಂಬ ಸಾಧನದಲ್ಲಿ, 'ಕಾನ್ಫ್‌ಟೆಸ್ಟ್' ಎಂಬ ಕಡತವನ್ನು ಒಂದು ಕೋಶದಲ್ಲಿಟ್ಟರೆ ಅದರ ಏರ್ಪಾಡುಗಳು ಒಳಕೋಶಗಳಿಗೂ ಅನ್ವಯಿಸುತ್ತವೆ. ಒಳಗಿನ ಕೋಶವು ಅದೇ ಹೆಸರಿನ ಏರ್ಪಾಡನ್ನು ಬೇರೆಯಾಗಿ ಬರೆದುಕೊಂಡಿದ್ದರೆ ಅಲ್ಲಿ ಅದೇ ಊರ್ಜಿತ.

ಇಷ್ಟೆಲ್ಲ ಕಟ್ಟುಪಾಡು ಹೊರೆಯಲ್ಲವೇ ಎಂದು ಕೆಲವರು ಕೇಳಬಹುದು. ಮಿತಿಮೀರಿದರೆ ಹೊರೆಯೇ ಸರಿ. ಕೋಶದೊಳಗೆ ಕೋಶ, ಅದರೊಳಗೆ ಮತ್ತೊಂದು, ಪ್ರತಿಯೊಂದರಲ್ಲಿಯೂ ಮೇಲಿನ ನಿಯಮವನ್ನು ತಿದ್ದುವ ಕಡತ ಎಂದಾದರೆ, ಯಾವ ಪರೀಕ್ಷೆಗೆ ಯಾವ ನಿಯಮವೆಂಬುದು ಬರೆದವರಿಗೂ ತಿಳಿಯದು. ಎರಡು ಮೂರು ಹಂತಗಳು ಸಾಕು.

ಇದಕ್ಕಿಂತ ದೊಡ್ಡ ಅಪಾಯವು ಇನ್ನೊಂದಿದೆ. ಸೋತ ಪರೀಕ್ಷೆಯೊಂದನ್ನು ಸಂರಚನಾ ಕಡತದ ಒಂದೇ ಸಾಲಿನಿಂದ ಬದಿಗಿರಿಸಬಹುದು. ಮರುಕ್ಷಣವೇ ಫಲಿತಾಂಶದ ಪಟ್ಟಿಯಲ್ಲಿ ಎಲ್ಲವೂ ಉತ್ತೀರ್ಣವಾಗಿ ತೋರುತ್ತದೆ. ದೋಷವು ಮಾತ್ರ ಇದ್ದಲ್ಲಿಯೇ ಇರುತ್ತದೆ. ತಂತ್ರಾಂಶದ ಒಂದೊಂದು ಸಾಲನ್ನೂ ಜೊತೆಗಾರರಿಗೆ ತೋರಿಸಿ ಒಪ್ಪಿಗೆ ಪಡೆಯುವವರು ಈ ಕಡತವನ್ನು ಯಾರೂ ನೋಡದಂತೆ ತಿದ್ದುವುದು ಸಲ್ಲದು. ಪರೀಕ್ಷೆಯನ್ನು ಕೈಬಿಟ್ಟವರು ಕಾರಣವನ್ನೂ ದಿನಾಂಕವನ್ನೂ ಅಲ್ಲಿಯೇ ಬರೆಯಲಿ. ಇನ್ನೊಬ್ಬರು ಅದನ್ನು ಪರಿಶೀಲಿಸಲಿ.

ಬ್ಯಾಂಕು, ಆಸ್ಪತ್ರೆ, ರೈಲುಗಳ ವ್ಯವಹಾರವೆಲ್ಲ ತಂತ್ರಾಂಶವನ್ನು ನಂಬಿರುವ ಈ ಕಾಲದಲ್ಲಿ ಇದು ಕೇವಲ ತಂತ್ರಜ್ಞರ ಮನೆವಾರ್ತೆಯಲ್ಲ. 'ಪರೀಕ್ಷಿಸಲಾಗಿದೆ' ಎಂಬ ಮಾತನ್ನು ಕೇಳಿದಾಗ 'ಯಾವ ಸನ್ನಿವೇಶದಲ್ಲಿ?' ಎಂದು ಮರುಪ್ರಶ್ನೆ ಹಾಕುವ ಹಕ್ಕು ಸಾಮಾನ್ಯರಿಗೂ ಉಂಟು. ಉತ್ತರವು ಬರೆದಿಟ್ಟ ಕಡತದಲ್ಲಿ ದೊರೆಯಬೇಕು.